ರಟ್ಟೆಗೊಂದು ಪಟ್ಟಿ

ಅಂಗನವಾಡಿ ಟೀಚರ್ ಪುಟಾಣಿಗಳ ಎಡ ರಟ್ಟೆಗೆ ಪಟ್ಟಿ ಸುತ್ತುವುದನ್ನು ನೋಡಿದ್ದೀರಾ? ದರ್ಜಿಯ ಟೇಪಿನಂಥದ್ದೇ, ಆದರೆ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ. ಭುಜಕ್ಕೂ ಮೊಣಕೈಗೂ ಸರಿ ನಡುವೆ ಸುತ್ತಬೇಕು. 12.5 ಸೆಂ.ಮೀ. ದಾಟಿದರೆ ಹಸಿರು. 11.5ಕ್ಕಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಷ್ಟುದ್ದದ ದಾರವನ್ನು ಬಳೆಯ ಹಾಗೆ ಗಂಟು ಹಾಕಿ ನೋಡಿ, ನಿಮ್ಮ ಮುಷ್ಟಿ ಅದರೊಳಗೆ ತೂರುವುದಿಲ್ಲ!

ವರ್ಷದ ಮಗುವಿಗೂ ಐದರ ಮಗುವಿಗೂ ಒಂದೇ ಪಟ್ಟಿ ಹೇಗೆ ಸಾಲುತ್ತದೆ? ಆ ವಯಸ್ಸಿನಲ್ಲಿ ಮಕ್ಕಳು ಉದ್ದವಾಗುತ್ತಾರೆಯೇ ಹೊರತು ರಟ್ಟೆ ಅಷ್ಟೇನೂ ದಪ್ಪವಾಗುವುದಿಲ್ಲ. ರಟ್ಟೆ ಸಣ್ಣಗಿದೆ ಎಂದರೆ ಅಲ್ಲಿನ ಕೊಬ್ಬು, ಮಾಂಸ ಎಲ್ಲೋ ಖರ್ಚಾಗಿದೆ.

ಊಟ ಸಾಲದಾದಾಗ ದೇಹ ಮೊದಲು ಯಕೃತ್ತಿನಲ್ಲಿಟ್ಟ ಸಕ್ಕರೆ ಬಳಸುತ್ತದೆ. ಅದು ಒಂದು ದಿನಕ್ಕೂ ಸಾಲದು. ಆಮೇಲೆ ಚರ್ಮದಡಿಯ ಕೊಬ್ಬು. ಜೊತೆಗೆ ಮಾಂಸಖಂಡವೂ ಕರಗುತ್ತದೆ. ಸೌದೆ ಮುಗಿದ ಮನೆಯವರು ತೊಲೆಯನ್ನೇ ಕಿತ್ತು ಒಲೆಗೆ ಹಾಕಿದ ಹಾಗೆ. ಮಿದುಳಿಗಂತೂ ಒಲೆ ಆರಬಾರದು. ಹಾಗಾಗಿ ದೇಹ ಉದ್ದ ಬೆಳೆಯುವ ಕೆಲಸವನ್ನು ಮುಂದೂಡುತ್ತದೆ, ಆಟವನ್ನೂ ಕಡಿಮೆ ಮಾಡಿಸುತ್ತದೆ. ಮೂಲೆಯಲ್ಲಿ ಸುಮ್ಮನೆ ಕೂತ ಮಗುವನ್ನು ಸೋಮಾರಿ ಅನ್ನಬೇಡಿ, ಅದು ಶಕ್ತಿ ಉಳಿಸುತ್ತಿರಬಹುದು. ರೋಗದ ವಿರುದ್ಧ ಕಾವಲು ಕೂಡ ಸಡಿಲವಾಗುತ್ತದೆ. ಬೇರೆಯವರಿಗೆ ಎರಡು ದಿನಕ್ಕೆ ನಿಲ್ಲುವ ಭೇದಿ ಈ ಮಗುವಿನ ಜೀವಕ್ಕೇ ಬರಬಹುದು.

ಎಲ್ಲರೂ ಸಣಕಲಾಗುತ್ತಾರೆ ಅಂದುಕೊಳ್ಳಬೇಡಿ. ಈಗಿನ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಊದಿದ ಕಾಲು, ಕೆಂಚು ಕೂದಲಿನ ಮಕ್ಕಳನ್ನು ಕಂಡರು. ಅಲ್ಲಿನ ಗಾ ಭಾಷೆಯವರು ಅದನ್ನು ‘ಕ್ವಾಷಿಯೋರ್ಕರ್’ ಎನ್ನುತ್ತಿದ್ದರು: ತಮ್ಮನೋ ತಂಗಿಯೋ ಹುಟ್ಟಿದಾಗ ದೊಡ್ಡ ಮಗುವಿಗೆ ಬರುವ ಕಾಯಿಲೆ. ತಾಯಿಯ ಹಾಲು ಬಿಡಿಸಿ ಬರೀ ಮೆಕ್ಕೆಜೋಳದ ಗಂಜಿ ಕೊಟ್ಟರೆ ಹೊಟ್ಟೆಯೇನೋ ತುಂಬುತ್ತಿತ್ತು, ಪೋಷಣೆ ಸಾಲುತ್ತಿರಲಿಲ್ಲ. 1935ರಲ್ಲಿ ಆಕೆ ಅದೇ ಹೆಸರನ್ನು ವೈದ್ಯ ಪತ್ರಿಕೆಯಲ್ಲಿ ಬರೆದರು. ಇಂಥ ಮಗು ಗುಂಡಗೆ ಕಂಡು ಅಜ್ಜಿಯರೂ ಮೋಸಹೋಗುತ್ತಾರೆ. ಪಾದದ ಮೇಲೆ ಹೆಬ್ಬೆರಳು ಒತ್ತಿ, ಮೂರು ಸೆಕೆಂಡು ಬಿಟ್ಟು ತೆಗೆದರೆ ಗುಳಿ ಹಾಗೇ ನಿಲ್ಲುತ್ತದೆ. ಒಳಗಿರುವುದು ನೀರು.

ಹಾಗಾದರೆ ಹೊಟ್ಟೆ ತುಂಬ ಊಟ ಬಡಿಸಿಬಿಡೋಣವೇ? ಬೇಡ, ಸೊರಗಿದ ದೇಹ ಅದನ್ನು ತಾಳಲಾರದು. ಆಸ್ಪತ್ರೆಯಲ್ಲಿ ಮೊದಲು ಹಾಲಿನ ತೆಳು ಆಹಾರವನ್ನು ಎರಡು-ಮೂರು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಚೂರುಚೂರೇ ಕೊಡುತ್ತಾರೆ. ಕೆಲವು ದಿನ ಕಳೆದ ಮೇಲೆ ಮಗು ಲೋಟ ಖಾಲಿ ಮಾಡಿ, ಇನ್ನೂ ಬೇಕು ಎಂದು ಅಳುತ್ತದೆ. ಡಾಕ್ಟರು ಕಾಯುತ್ತಿರುವುದು ಆ ಅಳುವಿಗೇ.