ಫ್ಲಾಂಜ್ ಸೋರಿಕೆ: ಬೋಲ್ಟ್ ಬಿಗಿಯುವ ಮುನ್ನ ಕಾರಣ ತಿಳಿಯಬೇಕು
(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್, ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ, ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಶುದ್ಧ ನೀರು ಒದಗಿಸುವ ಗುರಿ ಹೊಂದಿದೆ. ಗ್ರಾಮದೊಳಗಿನ ಕಾಮಗಾರಿ ಹಸ್ತಾಂತರವಾದ ನಂತರ ಅದರ ನಿರ್ವಹಣೆ ಗ್ರಾಮ ಪಂಚಾಯಿತಿಯ ಹೊಣೆ. ಆದ್ದರಿಂದ ಕೊಳವೆಯ ಜೋಡಣೆ ಏಕೆ ಸೋರುತ್ತದೆ ಎಂಬುದು ಎಂಜಿನಿಯರರಿಗೆ ಮಾತ್ರ ಸೇರಿದ ವಿಷಯವಲ್ಲ.

ಪಂಪ್‌ಹೌಸ್‌ನಲ್ಲಿ, ವಾಲ್ವ್ ಗುಂಡಿಯಲ್ಲಿ, ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಕೊಳವೆಯ ತುದಿಗಳನ್ನು ದುಂಡನೆಯ ಕಬ್ಬಿಣದ ಬಿಲ್ಲೆಗಳಿಂದ ಕೂಡಿಸಿ ಬೋಲ್ಟ್ ಹಾಕಿರುತ್ತಾರೆ. ಇದೇ ಫ್ಲಾಂಜ್. ನಡುವಿನ ರಬ್ಬರ್ ಗ್ಯಾಸ್ಕೆಟ್ಟನ್ನು ಬೋಲ್ಟ್‌ಗಳು ಸುತ್ತಲೂ ಸಮನಾಗಿ ಅದುಮಿರುವವರೆಗೆ ನೀರು ಹೊರಬಾರದು. ಒಳಗಿನ ನೀರಿನ ಒತ್ತಡದೊಂದಿಗೆ ಕೊಳವೆಯ ಎಳೆತ ಅಥವಾ ಬಾಗುವಿಕೆ ಸೇರಿದಾಗ ಒಂದು ಬದಿಯ ಹಿಡಿತ ಸಡಿಲವಾಗಿ ಸೋರಿಕೆ ಆರಂಭವಾಗುತ್ತದೆ.

ಈ ಹೆಚ್ಚುವರಿ ಬಲ ಬರುವ ಮೂಲಗಳು ಮುಖ್ಯವಾಗಿ ನಾಲ್ಕು.

1. ಆಧಾರವಿಲ್ಲದ ಭಾರ: ವಾಲ್ವ್‌ನ ಕೆಳಗೆ ಕಾಂಕ್ರೀಟ್ ಪೀಠವಿಲ್ಲದಿದ್ದರೆ ಅದರ ತೂಕವೆಲ್ಲ ಫ್ಲಾಂಜ್ ಮೇಲೆ ಬೀಳುತ್ತದೆ.

2. ತಿರುವಿನ ನೂಕು: ನೀರನ್ನು 60 ಮೀಟರ್ ಎತ್ತರಕ್ಕೆ ಏರಿಸುವ ಮಾರ್ಗದ ತಳದಲ್ಲಿ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 6 ಕಿಲೋಗ್ರಾಂ ಇರುತ್ತದೆ. 150 ಮಿಲಿಮೀಟರ್ ಕೊಳವೆಯ ಲಂಬಕೋನದ ಬೆಂಡ್ ಮೇಲೆ ಅದು ಸುಮಾರು 1,500 ಕಿಲೋಗ್ರಾಂ ನೂಕಾಗುತ್ತದೆ. ಇದನ್ನು ತಡೆಯಬೇಕಾದದ್ದು ಕಾಂಕ್ರೀಟ್ ಬ್ಲಾಕ್, ಬೋಲ್ಟ್ ಅಲ್ಲ.

3. ಬಿಸಿಲು: ಸೇತುವೆಯ ಬದಿಯಲ್ಲಿ ತೆರೆದಿರುವ 30 ಮೀಟರ್ ಉಕ್ಕಿನ ಕೊಳವೆ, ಉಷ್ಣತೆ 20 ಡಿಗ್ರಿ ಏರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಹಿಗ್ಗಲು ಅವಕಾಶವಿಲ್ಲದಿದ್ದರೆ ಆ ಬಲ ಜೋಡಣೆಯನ್ನು ಬಾಧಿಸುತ್ತದೆ.

4. ನೀರಿನ ಹೊಡೆತ: ವಿದ್ಯುತ್ ಕಡಿತದಿಂದ ಪಂಪ್ ಥಟ್ಟನೆ ನಿಂತಾಗ ಮಾರ್ಗದ ನೀರು ಹಿಮ್ಮರಳಿ ಬಡಿಯುತ್ತದೆ. ಅರಕಲಗೂಡು, ಹೊಳೆನರಸೀಪುರದಂತಹ ಏರುತಗ್ಗಿನ ನೆಲದಲ್ಲಿ ಏರಿಕೆಯ ಮಾರ್ಗಗಳಿಗೆ ಇದು ಗಮನಾರ್ಹ ಕಾರಣ.

ಸೋರಿದೊಡನೆ ಬೋಲ್ಟನ್ನು ಇನ್ನಷ್ಟು ಬಿಗಿಯುವುದು ವಾಡಿಕೆ. ಕಾರಣ ಉಳಿದಿರುವಾಗ ಬಿಗಿದರೆ ಗ್ಯಾಸ್ಕೆಟ್ ಜಜ್ಜಿಹೋಗುತ್ತದೆ, ಎರಕದ ಫ್ಲಾಂಜ್ ಸೀಳಲೂಬಹುದು. ಪಂಪ್ ನಿಲ್ಲಿಸಿ, ಮಾರ್ಗದ ಒತ್ತಡ ಇಳಿಸಿದ ನಂತರವೇ ನೀರುಗಂಟಿಯು ಜೋಡಣೆಗೆ ಕೈಹಾಕಬೇಕು. ಹೊಸ ಗ್ಯಾಸ್ಕೆಟ್ ಒಂದನ್ನೇ ಇಟ್ಟು, ಎದುರುಬದುರು ಬೋಲ್ಟ್‌ಗಳನ್ನು ಹಂತಹಂತವಾಗಿ ಬಿಗಿಯಬೇಕು. ಕೊಳವೆಗಳನ್ನು ಬೋಲ್ಟ್‌ನಿಂದಲೇ ಎಳೆದು ಒಂದೇ ಸಾಲಿಗೆ ತರುವುದು ಸಲ್ಲದು.

ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ದಿನಕ್ಕೆ 1,440 ಲೀಟರ್, ಅಂದರೆ 26 ಜನರ ಪಾಲಿನ ನೀರು ನಷ್ಟ. ಅದಕ್ಕಿಂತ ಗಂಭೀರವಾದುದು ಮತ್ತೊಂದಿದೆ. ಸರಬರಾಜು ನಿಂತಾಗ ಕೊಳವೆಯೊಳಗೆ ನಿರ್ವಾತ ಉಂಟಾಗಿ, ಗುಂಡಿಯಲ್ಲಿ ನಿಂತ ಕೊಳಚೆ ಅದೇ ಸಂದಿಯಿಂದ ಒಳಸೇರಬಹುದು. ವಾಂತಿಭೇದಿಗೆ ಇಷ್ಟು ಸಾಕು.

ಆದಕಾರಣ ಹಸ್ತಾಂತರ ಪತ್ರಕ್ಕೆ ಸಹಿ ಹಾಕುವ ಮುನ್ನ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯು ಒತ್ತಡ ಪರೀಕ್ಷೆಯ ಸಮಯದಲ್ಲಿ ಸ್ಥಳದಲ್ಲಿರಬೇಕು. ವಾಲ್ವ್‌ಗೆ ಪೀಠ, ಬೆಂಡ್‌ಗೆ ಬ್ಲಾಕ್ ಇದೆಯೇ, ಗುಂಡಿ ಒಣಗಿದೆಯೇ ಎಂದು ಕಣ್ಣಾರೆ ಕಾಣಬೇಕು. ಕಂಡ ನ್ಯೂನತೆಯನ್ನು ಸಭಾ ನಡವಳಿಯಲ್ಲಿ ದಾಖಲಿಸಿ, ಸರಿಪಡಿಸಿದ ನಂತರವೇ ಒಪ್ಪಿಗೆ ನೀಡಬೇಕು. ಅಂದು ಕೇಳದ ಪ್ರಶ್ನೆಗೆ ಮುಂದೆ ಪಂಚಾಯಿತಿಯ ನಿಧಿಯೇ ಉತ್ತರ ಕೊಡಬೇಕಾಗುತ್ತದೆ.