ಘಟ್ಟದ ಮಳೆ, ಬಯಲಿನ ಅನ್ನ

ಪಶ್ಚಿಮ ಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಪೂರ್ವದ ಬಯಲುಸೀಮೆಯ ಚಳ್ಳಕೆರೆಯ ರೈತ 500 ಮಿಲಿಮೀಟರಿನ ಆಸುಪಾಸಿನಲ್ಲೇ ಬೆಳೆ ತೆಗೆಯಬೇಕು. ಬೀಸುವ ಮುಂಗಾರು ಒಂದೇ. ಇಷ್ಟು ಅಂತರ ಏಕೆ?

ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು. ಏರಿದಂತೆ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಆಗ ಅದರಲ್ಲಿದ್ದ ಆವಿ, ಕಣ್ಣಿಗೆ ಕಾಣದ ಧೂಳು ಮತ್ತು ಉಪ್ಪಿನ ಕಣಗಳ ಸುತ್ತ ಹನಿಗಟ್ಟಿ ಮೋಡವಾಗುತ್ತದೆ. ಹನಿಗಳು ಕೂಡಿ ಭಾರವಾದಾಗ ಮಳೆ. ಘಟ್ಟ ದಾಟಿ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಬಯಲುಸೀಮೆ ಇರುವುದು ಈ ಮಳೆನೆರಳಿನಲ್ಲಿ.

ಆದರೆ ಗಾಳಿ ಕೊಡದ ನೀರನ್ನು ನದಿ ತಂದುಕೊಡುತ್ತದೆ. ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಪೂರ್ವಕ್ಕೆ ಹರಿದು ಬಯಲಿನ ಗದ್ದೆಗಳಿಗೆ ನೀರುಣಿಸುತ್ತಾರೆ. ಘಟ್ಟದ ಮೇಲಿನ ಶೋಲಾ ಕಾಡಿನ ತರಗೆಲೆ, ಹುಲ್ಲುಗಾವಲಿನ ಬೇರು ಜಡಿಮಳೆಯನ್ನು ತಡೆದು, ಮಣ್ಣಿಗೆ ಇಂಗಿಸಿ, ಬೇಸಿಗೆಯಲ್ಲೂ ತೊರೆಗಳಿಗೆ ಬಿಟ್ಟುಕೊಡುತ್ತವೆ. ಆ ಹೊದಿಕೆ ಹೋದರೆ ಬಿದ್ದ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ.

ಹಾಗಾಗಿ ಘಟ್ಟದ ಕಾಡು ಮಲೆನಾಡಿಗರಿಗೆ ಮಾತ್ರ ಸೇರಿದ್ದಲ್ಲ. ದಾವಣಗೆರೆ, ಬಳ್ಳಾರಿ, ರಾಯಚೂರಿನ ಗದ್ದೆಗಳ ಅನ್ನ ಉಣ್ಣುವ ನಾವೆಲ್ಲರೂ ಅದರ ಋಣದಲ್ಲಿದ್ದೇವೆ. ಅಲ್ಲಿ ಒಂದು ಗುಡ್ಡ ಬೋಳಾದ ಸುದ್ದಿ ಬಂದಾಗ, ಅದು ನಮ್ಮ ಮನೆಯದೇ ಸುದ್ದಿ ಎಂದು ತಿಳಿದು ದನಿಯೆತ್ತೋಣ.