ಎರಡು ಐಸಿ, ಒಂದು ಬ್ಯಾಟರಿ, ಮೂರು ಸ್ಥಾಯಿ

ಅನಲಾಗ್ ಸಿಂಥ್ ಅಂದ್ರೆ ದುಡ್ಡಿದ್ದವರ ಆಟ ಅಂತ ಸುಮ್ಮನಾದವರಿಗೆ ಇವತ್ತಿನ ಮಾತು. ಸಿಂಥ್‌ನ ಜೀವ ಇರೋದು ಫಿಲ್ಟರ್‌ನಲ್ಲಿ. ಆದರೆ ಅದಕ್ಕೆ ಉಣಿಸೋ ಸದ್ದನ್ನ ನಾವೇ ಮಾಡಬಹುದು. ಬೇಕಾಗೋದು ಎರಡು ಡಿಜಿಟಲ್ ಐಸಿ ಮತ್ತು 9 ವೋಲ್ಟ್ ಬ್ಯಾಟರಿ. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಇದ್ದೇ ಇದೆ.

ಮೊದಲನೇದು ಸಿಡಿ40106. ಇದರೊಳಗೆ ಆರು ಇನ್ವರ್ಟರ್‌ಗಳಿವೆ: ಒಳಗೆ ಹೈ ಕೊಟ್ರೆ ಹೊರಗೆ ಲೋ, ಲೋ ಕೊಟ್ರೆ ಹೈ. 1 ಮತ್ತು 2ನೇ ಪಿನ್ ನಡುವೆ 100ಕೆ ರೆಸಿಸ್ಟರ್, 1ನೇ ಪಿನ್‌ನಿಂದ ಗ್ರೌಂಡ್‌ಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕೆಪಾಸಿಟರ್ ತುಂಬುತ್ತೆ, ಔಟ್‌ಪುಟ್ ತಿರುಗುತ್ತೆ, ಕೆಪಾಸಿಟರ್ ಖಾಲಿಯಾಗುತ್ತೆ, ಮತ್ತೆ ತಿರುಗುತ್ತೆ. ಸೆಕೆಂಡಿಗೆ ಹೆಚ್ಚುಕಡಿಮೆ 1000 ಸಲ. ಅದೇ ಸ್ಕ್ವೇರ್ ವೇವ್. ಬಳಸದ ಐದು ಇನ್‌ಪುಟ್‌ಗಳನ್ನ ಗ್ರೌಂಡ್‌ಗೆ ಕಟ್ಟಿಬಿಡಿ.

ಎರಡನೇದು ಸಿಡಿ4040, ಎಣಿಸೋ ಐಸಿ. 40106ರ ಔಟ್‌ಪುಟ್‌ನ ಇದರ 10ನೇ ಪಿನ್‌ಗೆ ಕೊಡಿ, 11ನೇ ಪಿನ್ ಗ್ರೌಂಡ್‌ಗೆ. ಈಗ 9ನೇ ಪಿನ್‌ನಲ್ಲಿ 500 ಹರ್ಟ್ಜ್, 7ರಲ್ಲಿ 250, 6ರಲ್ಲಿ 125. ಕಂಪನ ಅರ್ಧವಾದ್ರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತೆ. ತಾರ, ಮಧ್ಯ, ಮಂದ್ರ ಮೂರೂ ಒಟ್ಟಿಗೆ! ಬ್ಯಾಟರಿ ಇಳಿದು ಶ್ರುತಿ ಜಾರಿದ್ರೂ ಮೂರೂ ಜೊತೆಗೇ ಜಾರುತ್ತವೆ, ಯಾಕಂದ್ರೆ ಮೂಲ ಒಂದೇ. 1970ರ ದಶಕದ ಸ್ಟ್ರಿಂಗ್ ಮೆಷಿನ್‌ಗಳು ನಿಂತಿದ್ದೂ ಹೀಗೆ ಭಾಗಿಸೋ ಉಪಾಯದ ಮೇಲೆಯೇ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನದು. 6ನೇ ಪಿನ್‌ಗೆ 10ಕೆ, 7ಕ್ಕೆ 22ಕೆ, 9ಕ್ಕೆ 39ಕೆ ರೆಸಿಸ್ಟರ್ ಹಾಕಿ, ಮೂರರ ಇನ್ನೊಂದು ತುದಿಯನ್ನ ಒಂದೇ ಕಡೆ ಸೇರಿಸಿ. ಎಣಿಕೆ ಏರಿದ ಹಾಗೆ ವೋಲ್ಟೇಜ್ ಎಂಟು ಮೆಟ್ಟಿಲು ಹತ್ತಿ ದಬಕ್ಕನೆ ಬೀಳುತ್ತೆ. ಅಂದ್ರೆ, ಬರೀ ಸೊನ್ನೆ-ಒಂದುಗಳಿಂದ ಗರಗಸದ ಹಲ್ಲಿನಂಥ ಅಲೆ! ಸ್ಕ್ವೇರ್‌ಗಿಂತ ತುಂಬಿದ ನಾದ. ಫಿಲ್ಟರ್‌ಗೆ ಕೊರೆಯೋಕೆ ಸಾಮಗ್ರಿ ಜಾಸ್ತಿ.

ಒಂದು ಎಚ್ಚರಿಕೆ. ಈ ಸದ್ದು ಜೋರು. ಇಯರ್‌ಫೋನ್‌ಗೆ, ಮೊಬೈಲ್‌ಗೆ ನೇರ ಚುಚ್ಚಬೇಡಿ. ನಡುವೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ ವಾಲ್ಯೂಮ್ ಪಾಟ್ ಇರಲಿ, ಸೊನ್ನೆಯಿಂದ ಶುರುಮಾಡಿ. ಮಿನಿಮೂಗ್‌ನಂಥ ಸಿಂಥ್‌ಗಳಲ್ಲಿ ಹೊರಗಿನ ಸದ್ದಿಗೆ ಅಂತಲೇ ಜಾಕ್ ಇರುತ್ತೆ, ಅಲ್ಲಿ ಕೊಡಿ.

ಇದು ಕೀಬೋರ್ಡ್ ಹಾಗೆ ಶ್ರುತಿಬದ್ಧವಾಗಿ ನುಡಿಯಲ್ಲ, ನಿಜ. ಆದರೆ ಆ್ಯಪ್‌ನಲ್ಲಿ ಬಟನ್ ಒತ್ತಿದ್ರೆ ಸದ್ದು ಮಾತ್ರ ಸಿಗುತ್ತೆ. ಇಲ್ಲಿ ಸದ್ದು ಯಾಕೆ ಹುಟ್ತು ಅನ್ನೋದೂ ಕೈಗೆ ಸಿಗುತ್ತೆ. 100ಕೆ ಜಾಗಕ್ಕೆ ಬೇರೆ ರೆಸಿಸ್ಟರ್ ಹಾಕಿ ನೋಡಿ, ಕೇಳಿಸ್ಕೊಳ್ಳಿ. ಸಿಗೋಣ.